ಎಳೆ ಹಿಡಿಯುವ ಕಣ್ಣು

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಚಾಮರಾಜನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ನನ್ನ ಕೆಲಸ. ಕಲಿಸಿದವನು ಅವನೇ. ಕನ್ನಡಕಕ್ಕೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ, "ಗ್ಲಾಕೋಮಾ ಶುರುವಾಗಿದೆ. ಕಣ್ಣೊಳಗೆ ಒತ್ತಡ ಜಾಸ್ತಿ, ಎಡಗಡೆ ಅಂಚು ಸ್ವಲ್ಪ ಮಸುಕಾಗಿದೆ. ಹೋದ ನೋಟ ಬರಲ್ಲ, ಇರೋದನ್ನ ಉಳಿಸೋಣ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಒಳಗಿನ ನೀರು ಹರಿಯೋ ಜಾಗಕ್ಕೆ ಲೇಸರ್ ಕೊಡ್ತೀವಿ, ಅವತ್ತೇ ಮನೆಗೆ ಹೋಗಬಹುದು" ಎಂದರು.

ಸುದ್ದಿ ಕೇಳಿ ಗುಂಡ್ಲುಪೇಟೆಯಿಂದ ಅಣ್ಣ ಬಂದ. ಆಸ್ಪತ್ರೆಗಲ್ಲ, ನೇರ ನನ್ನ ಕೆಲಸದ ಜಾಗಕ್ಕೆ. ನಮ್ಮ ಕಸುಬಿನವರಿಗೆ ಕಣ್ಣಿನ ಪರೀಕ್ಷೆ ಒಂದೇ: ಬಿಸಿನೀರಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹಿಡಿಯಬೇಕು. "ಇಡಿ ನೋಡನ" ಎಂದ. ಮೊದಲ ಸಲಕ್ಕೇ ಹಿಡಿದೆ.

"ಎಳೆ ಇಡಿಯೋ ಕಣ್ಗೆ ಯಾವ ರೋಗ ಬಂದದೆ? ಒಳ್ಳೆ ಕಣ್ಗೆ ಬೆಂಕಿ ಇಕ್ಕಿಸ್ಕತೀಯಾ? ಸುಮ್ಕಿರು ಕಣಮ್ಮಿ."

ಜೊತೆಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕು ಲೇಸರ್ ಬಿಟ್ಟುಬಿಟ್ಟೆ, ಅದು ನನ್ನ ಪಾಪ. ಈ ಕಾಯಿಲೆ ತಿನ್ನುವುದು ಅಂಚಿನಿಂದ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗೇ ಇರುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಜಾಯಮಾನವೇ ಅವನದಲ್ಲ.

ಎರಡು ವರ್ಷದ ಮೇಲೆ ಒಂದು ದಿನ ಎಡಗಡೆಯಿದ್ದ ಕುದಿನೀರಿನ ಪಾತ್ರೆಗೆ ಮೊಣಕೈ ಊರಿದೆ. ಪಾತ್ರೆ ನನಗೆ ಕಂಡೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ ಅದೇ ಡಾಕ್ಟರಮ್ಮನ ಹತ್ತಿರ ಓಡಿದೆ. ಈ ಸಲ ಲೇಸರ್ ಸಾಲದು ಎಂದು ಕಣ್ಣು ಕೊಯ್ದು ಒಳಗಿನ ನೀರಿಗೆ ದಾರಿ ಮಾಡಿದರು. ಹೊರಡುವಾಗ, "ಒಡಹುಟ್ಟಿದವರಿಗೂ ಇರಬಹುದು, ನಿಮ್ಮಣ್ಣನ್ನ ಕರ್ಕೊಂಡು ಬನ್ನಿ" ಎಂದರು.

ಒಂದು ತಿಂಗಳು ಅವನಿಗೆ ಹೇಳಲಿಲ್ಲ. ಅವನೂ ಅಂಚು ಕಾಣದೆ ಬಾಗಿಲಿಗೆ ಹಾಯಲಿ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ಅತ್ತಿಗೆಯ ಮುಖ ನೆನೆದು ಗುಂಡ್ಲುಪೇಟೆ ಬಸ್ಸು ಹತ್ತಿದೆ. ವಿಷಯ ಹೇಳಿದ್ದೇ ತಡ, ಪುಣ್ಯಾತ್ಮ ಸೂಜಿ ದಾರ ತಂದು ಪೋಣಿಸಲು ಕೂತ. ಕಿತ್ತು ಬಿಸಾಡಿ ಅವನನ್ನು ಎಳೆದುಕೊಂಡು ಬಂದೆ.

ಅವನಿಗೂ ಇತ್ತು, ಈಗಷ್ಟೇ ಶುರು. ಹನಿ ಬಿಟ್ಟು ಒಳಗೆ ಕರೆದೊಯ್ದರು. ಲೇಸರ್ ಮುಗಿಸಿ ಹೊರಬಂದಾಗ ನನ್ನ ಕೈಯಲ್ಲಿದ್ದ ಟೀ ಇನ್ನೂ ಬಿಸಿಯಾಗಿತ್ತು. ನನ್ನ ಎಡಕ್ಕೆ ಕೂತು, "ಇಷ್ಟೇಯಾ?" ಎಂದ.

ಅವನನ್ನು ನೋಡಲು ಕತ್ತು ಪೂರ್ತಿ ತಿರುಗಿಸಬೇಕಾಯಿತು.

"ಇಷ್ಟೇ ಕಣಣ್ಣ. ನಂಗೂ ಇಷ್ಟರಲ್ಲೇ ಮುಗೀತಿತ್ತು."