ಶಿವರಾಜು ಬರೆದ ಕೊನೆಯ ನಾಲ್ಕು ಪುಟ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರವಾಗಿ ನೆಪ ಹುಡುಕುವುದು ಬೇಡ. ಮಂಡ್ಯದಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದ ಗೋದಾ ಮೇಡಂಗೆ, ಅಂದರೆ ನನಗೆ, ಗೊತ್ತಿಲ್ಲದ ಮಕ್ಕಳ ಪುಸ್ತಕವೇ ಇಲ್ಲ ಎನ್ನುವ ಜಂಬವಿತ್ತು. ಕಳೆದ ನವೆಂಬರಿನಲ್ಲಿ ಆ ಜಂಬ ಒಂದು ಹುಡುಗಿಯ ಬಾಯಿ ಕಟ್ಟಿಹಾಕಿತು.

ಮಂಡ್ಯದಲ್ಲಿ ಕಥೆ ಹೇಳುವ ಸ್ಪರ್ಧೆ ಇಟ್ಟಿದ್ದರು. ನಾನು ತೀರ್ಪುಗಾರ್ತಿ. ದುದ್ದ ಎಂಬ ಊರಿನ ಮೇಷ್ಟ್ರು ಬರೆದ ಕಥೆಗಳನ್ನೇ ಹೇಳಬೇಕು, ಒಂದಕ್ಷರ ಬದಲಾಯಿಸಬಾರದು ಎಂದು ನಿಯಮ ಮಾಡಿದವಳೂ ನಾನೇ. ಮೇಷ್ಟ್ರು ತೀರಿಕೊಂಡು ಐವತ್ತು ವರ್ಷವಾಯಿತು. ನಮ್ಮ ಕಡೆ ಮಕ್ಕಳಿಗೆ ಬರೆಯಲು ಕೂತವರೆಲ್ಲ ಮೊದಲು ಅವರ ಹಾಗೆಯೇ ಬರೆದವರು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಪುಸ್ತಕ ಅವರ ಬಾತುಕೋಳಿ ಕಥೆ. ಶಿಂಷಾ ಹೊಳೆಯ ನೆರೆಯಲ್ಲಿ ಪುಟ್ಟಿಯ ಬಾತುಕೋಳಿ ಕೊಚ್ಚಿಹೋಗುತ್ತದೆ, ಅವಳು ದಡದುದ್ದಕ್ಕೂ ಹುಡುಕುತ್ತಾಳೆ. ಕೊನೆಗೆ ಜೊಂಡಿನ ಹಿಂದೆ ಅದು ಕಾಡುಬಾತುಗಳ ಜೊತೆ ಖುಷಿಯಾಗಿ ಈಜುವುದು ಕಾಣುತ್ತದೆ. ಪುಟ್ಟಿ ಕೂಗುವುದಿಲ್ಲ. ಸುಮ್ಮನೆ ಮನೆಗೆ ಬರುತ್ತಾಳೆ.

ಮದ್ದೂರಿನ ಪಕ್ಕದ ಹಳ್ಳಿಯಿಂದ ದೀಪಿಕ ಎಂಬ ಆರನೇ ಕ್ಲಾಸಿನ ಹುಡುಗಿ ಬಂದಿದ್ದಳು. ಅಬ್ಬಾ, ಏನು ಹೇಳಿದಳು ಅಂತೀರಿ! ನೆರೆಯ ಭಾಗ ಬಂದಾಗ ಸಭಾಂಗಣದಲ್ಲಿ ಕೆಮ್ಮುವವರಿರಲಿಲ್ಲ. ಆದರೆ ಕೊನೆಯಲ್ಲಿ ಅವಳ ಬಾತುಕೋಳಿ ತಾನೇ ನಡೆದುಕೊಂಡು ಮನೆಗೆ ಬಂದು, ಕೊಕ್ಕಿನಿಂದ ಬಾಗಿಲು ಕುಟ್ಟಿ, "ಎಲ್ಲವ್ವಾ ನನ್ ಪಾಲಿನ್ ಮುದ್ದೆ?" ಎಂದು ಕೇಳಿತು. ಜನ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮೈಕು ಎಳೆದುಕೊಂಡು, "ಇದು ಮೇಷ್ಟ್ರ ಕಥೆಯಲ್ಲ. ಚಪ್ಪಾಳೆಗೋಸ್ಕರ ಈ ಹುಡುಗಿ ಸುಳ್ಳು ಸೇರಿಸಿದ್ದಾಳೆ" ಎಂದೆ.

"ಪುಸ್ತಕದಲ್ಲಿ ಅಂಗೇ ಅದೆ ಮಿಸ್" ಎಂದಳು.

"ಬಾಯಿ ಮುಚ್ಚು" ಎಂದೆ.

ಅವಳ ತಾಯಿ ವನಜಾ ವೇದಿಕೆಯ ಹತ್ತಿರ ಬಂದು, "ನಾನೂ ಚಿಕ್ಕೋಳಿದ್ದಾಗ ಅದ್ನೇ ಓದಿವ್ನಿ ಮೇಡಂ" ಎಂದಳು. ಹಾಗಾದರೆ ತಾಯಿ ಮಗಳು ಇಬ್ಬರದೂ ತಪ್ಪು ಎಂದು ನಾನು ಮುಂದಿನ ಮಗುವನ್ನು ಕರೆದೆ.

ಹದಿನೈದು ದಿನದ ಮೇಲೆ ವನಜಾ ಫೋನು ಮಾಡಿದಳು. "ನನ್ ಮಗ್ಳು ಇಸ್ಕೂಲಲ್ಲಿ ಬಾಯೇ ಬುಡ್ತಿಲ್ಲ ಮೇಡಂ. ಆಜರಿ ಕೂಗುದ್ರೆ ಕೈ ಎತ್ತಾಳೆ, ಅಷ್ಟೇಯ. ಐಕ್ಳೆಲ್ಲ ಸುಳ್ಳಿ ಸುಳ್ಳಿ ಅಂತ ರೇಗುಸ್ತವೆ. ಆ ಪುಸ್ತಕ ಮದ್ದೂರ್ನ ವಾಚನಾಲಯದಲ್ಲೇ ಅದೆ. ನೀವೇ ಒಂದ್ಸಲ ನೋಡಿ. ಸುಳ್ಳಾದ್ರೆ ನಾನೇ ಅವ್ಳಿಗೆ ಬುದ್ಧಿ ಯೋಳ್ತೀನಿ."

ನಾನು ಮರುದಿನವೇ ಬಸ್ಸು ಹತ್ತಿದೆ. ಮರುಕದಿಂದಲ್ಲ, ನಾನೇ ಸರಿ ಎಂದು ತೋರಿಸುವುದಕ್ಕೆ. ನನ್ನ ಹಳೆಯ ಪ್ರತಿ ಬ್ಯಾಗಿನಲ್ಲಿತ್ತು.

ವಾಚನಾಲಯವೆಂದರೆ ಒಂದು ಸಂಘದವರು ನಡೆಸುವ ಒಂದೇ ಕೋಣೆ. ಶಿವರಾಜು ಅಲ್ಲಿ ಗುಡಿಸುವವನು, ಪುಸ್ತಕ ಕೊಡುವವನು, ಹರಿದದ್ದನ್ನು ಹೊಲಿದು ರಟ್ಟು ಕಟ್ಟುವವನು, ಎಲ್ಲವೂ. ಓದಿದ್ದು ಏಳನೇ ಕ್ಲಾಸು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಬಂದವನಿಗೆ ಈಗ ಅರವತ್ತು ದಾಟಿದೆ. ಉಗುರಲ್ಲಿ ಮೈದಾ ಅಂಟು ಒಣಗಿತ್ತು. ನಾನು ಕೇಳಿದ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ. ತೆಗೆದುಕೊಂಡು ಹೋದವರ ತಾರೀಖಿನ ಚೀಟಿಗಳು ಒಂದರ ಮೇಲೊಂದು ಅಂಟಿ ಬೆರಳು ದಪ್ಪ ಆಗಿದ್ದವು. ಕೊನೆಯ ನಾಲ್ಕು ಪುಟ ಜೆರಾಕ್ಸು ಕಾಗದ. ಅಚ್ಚಿನ ಹಾಗೇ ಕೈಯಲ್ಲಿ ಬರೆದ ಅಕ್ಷರ, ಮೂಲೆಯಲ್ಲಿ ಬಾಗಿಲು ಕುಟ್ಟುವ ಬಾತುಕೋಳಿಯ ಚಿತ್ರ.

"ಇದನ್ನು ಯಾರ್ರೀ ಬರೆದಿದ್ದು?"

ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ನಾನೇಯ" ಎಂದ.

ನಾನು ಬೈದೆ. ಚೆನ್ನಾಗಿಯೇ ಬೈದೆ. ದೊಡ್ಡವರ ಪುಸ್ತಕಕ್ಕೆ ಬಾಲ ಅಂಟಿಸುವುದಕ್ಕೆ ನೀನ್ಯಾರು ಎಂದೆ. ಎಲ್ಲವನ್ನೂ ಕೇಳಿಸಿಕೊಂಡು, ಬಾಗಿಲನ್ನು ಅರ್ಧ ಮುಚ್ಚಿ ಬಂದು ಹೇಳಿದ.

"ತೊಂಬತ್ನಾಕ್ನೇ ಇಸ್ವಿ ಮೇಡಂ. ಕೊನೇ ಆಳೆಗಳು ಯಾವಾಗ್ಲೋ ಕಿತ್ತೋಗಿದ್ವು. ಒಂದು ಎಣ್ಮಗ ಓದ್ಬುಟ್ಟು, ಬಾತ್ಕೋಳಿ ಸತ್ತೋಯ್ತಾ ಅಂತ ಆ ಮೆಟ್ಲು ಮ್ಯಾಲೆ ಅಳ್ತಾ ಕುಂತ್ಕತ್ತು. ಎಷ್ಟ್ ಯೋಳುದ್ರೂ ಏಳ್ನಿಲ್ಲ. ಮಂಡ್ಯ, ಮಳವಳ್ಳಿ ಎಲ್ಲಾ ಕಡೆ ಕೇಳ್ದೆ, ಇನ್ನೊಂದು ಪುಸ್ತಕ ಸಿಗ್ನಿಲ್ಲ. ಅಚ್ಚಾಕ್ದೋರಿಗೆ ಕಾರ್ಡ್ ಬರ್ದೆ, ಅಂಗ್ಡಿ ಮುಚ್ಚದೆ ಅಂತ ವಾಪಸ್ ಬಂತು. ಇನ್ನೇನ್ ಮಾಡ್ಲಿ? ನಾನೇ ಕುಂತ್ಕಂಡು ಬರ್ದೆ."

"ಆಮೇಲಾದರೂ ತೆಗೆಯಬಾರದಿತ್ತೇ?"

"ಎಂಗ್ ತೆಗೀಲಿ? ಐಕ್ಳು ಅದ್ನೇ ಕೇಳ್ಕಂಡ್ ಬರವು."

ನನ್ನ ಪ್ರತಿಯ ಕೊನೆಯ ಪುಟಗಳನ್ನು ತೆರೆದು ಅವನ ಮುಂದೆ ಹಿಡಿದೆ. ನಿಂತೇ ಓದಿದ, ತುಟಿ ಅಲುಗಿಸುತ್ತ. ಮೂವತ್ತು ವರ್ಷ ತಾನೇ ಹೊಲಿದು ಉಳಿಸಿದ ಕಥೆಯ ಕೊನೆ ಅವನಿಗೆ ಗೊತ್ತಾದದ್ದು ಅವತ್ತು. ಓದಿ ಮುಗಿಸಿ ಕಣ್ಣೊರೆಸಿಕೊಂಡ. "ಮೇಷ್ಟ್ರು ದೊಡ್ಡೋರು ಬುಡಿ. ಆ ಕೋಳೀನ ಅಂಗೆ ಬುಟ್ಬುಡೋ ಧೈರ್ಯ ನಂಗಿರ್ನಿಲ್ಲ" ಎಂದ.

ನನ್ನ ಸಿಟ್ಟು ಅಲ್ಲೇ ಮುರಿಯಿತು. ಮೇಷ್ಟ್ರ ಬಗ್ಗೆ ಹತ್ತು ಲೇಖನ ಬರೆದವಳು ನಾನು, ಅವುಗಳನ್ನು ಒಂದು ಮಗುವಾದರೂ ಓದಿದೆಯೋ ಇಲ್ಲವೋ. ಮದ್ದೂರಿನ ಸುತ್ತ ಆ ಬಾತುಕೋಳಿ ತಾಯಿಯಿಂದ ಮಗಳವರೆಗೆ ಬದುಕಿದ್ದು ಈ ಮನುಷ್ಯನ ಸೂಜಿ ದಾರದಿಂದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೂ ಸುಳ್ಳಲ್ಲ.

ದೀಪಿಕಳ ವಿಷಯ ಹೇಳಿದೆ. ಅವನ ಮುಖ ಬಾಡಿತು. "ನನ್ನಿಂದ ಆ ಮೊಗ ಸುಳ್ಳಿ ಅನ್ನುಸ್ಕತ್ತಾ?"

"ನೀನು ಬಂದು ಶಾಲೆಯಲ್ಲಿ ಹೇಳಬೇಕು" ಎಂದೆ.

ಅವನು ಮತ್ತೆ ಬಾಗಿಲ ಕಡೆ ನೋಡಿದ. ಸಂಘದ ಕಾರ್ಯದರ್ಶಿ ಮಹಾ ಕಟ್ಟುನಿಟ್ಟಿನ ಆಸಾಮಿ. ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದವರ ಸದಸ್ಯತ್ವವನ್ನೇ ಕಿತ್ತುಹಾಕಿದ ಮನುಷ್ಯ. "ಗೊತ್ತಾದ್ರೆ ಬೀಗದ್ ಕೈ ಕಿತ್ಕತ್ತಾರೆ ಮೇಡಂ. ಮನೇಲಿ ಎಂಡ್ರಿಲ್ಲ, ಮಕ್ಳಿಲ್ಲ. ಈ ಕ್ವಾಣೆ ಬುಟ್ರೆ ನಂಗೆ ಓಗಕ್ಕೆ ಜಾಗ ಇಲ್ಲ" ಎಂದ. ನಾನು ಒತ್ತಾಯ ಮಾಡಲಿಲ್ಲ. ಮಾಡುವ ಮುಖ ನನಗಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಾನಂತೂ ಹೋಗುತ್ತೇನೆ ಎಂದಷ್ಟೇ ಹೇಳಿ ಬಂದೆ.

ಸೋಮವಾರ ಶಾಲೆಯ ಗೇಟಿನಲ್ಲಿ ಅವನು ನನಗಿಂತ ಮುಂಚೆ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬರಿಗೈ.

"ಕಾರ್ಯದರ್ಶಿಗಳಿಗೆ ನಿನ್ನೇನೇ ಯೋಳ್ಬುಟ್ಟೆ. ಇನ್ನೊಬ್ರು ಬಾಯಿಂದ ಕೇಳೋದು ಬ್ಯಾಡ ಅಂತ" ಎಂದ.

"ಏನಂದರು?"

"ಬೀಗದ್ ಕೈ ಇಸ್ಕಂಡ್ರು."

ಆಮೇಲೆ ಆ ಕಾರ್ಯದರ್ಶಿಯ ಜೊತೆ ನಾಲ್ಕು ಸಲ ಜಗಳವಾಡಿದ್ದೇನೆ. ಆ ಮನುಷ್ಯ ಜಪ್ಪಯ್ಯ ಎಂದರೂ ಒಪ್ಪಿಲ್ಲ. ಈಗ ಶಿವರಾಜು ಅದೇ ಶಾಲೆಗೆ ಶನಿವಾರ ಶನಿವಾರ ಹೋಗಿ ಹರಿದ ಪುಸ್ತಕ ಹೊಲಿದುಕೊಡುತ್ತಾನೆ, ಯಾರೂ ಕರೆಯದೆ.

ಅವತ್ತು ಇನ್ನೂರು ಮಕ್ಕಳ ಮುಂದೆ ನಿಂತು ಕೈ ಕಟ್ಟಿಕೊಂಡು ಹೇಳಿದ: "ಮಕ್ಳೇ, ಬಾತ್ಕೋಳಿ ಮನೀಗ್ ಬಂದದ್ದು ನಾನು ಬರ್ದಿದ್ದು. ಮೇಷ್ಟ್ರು ಬರ್ದಿದ್ದಲ್ಲ. ದೀಪಿಕ ಪುಸ್ತಕದಲ್ಲಿ ಇದ್ದದ್ದನ್ನೇ ಯೋಳವ್ಳೆ. ತಪ್ಪು ನಂದು, ಮೊಗೂದಲ್ಲ."

ಮಕ್ಕಳೆಲ್ಲ ತಿರುಗಿ ದೀಪಿಕಳನ್ನು ನೋಡಿದರು. ಎರಡನೇ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದಳು. ನಾನು ಮೈಕು ತೆಗೆದುಕೊಂಡೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಚೊಕ್ಕವಾಗಿ ಸಿದ್ಧಮಾಡಿಕೊಂಡು ಬಂದಿದ್ದೆ. ಅದೆಲ್ಲ ಬೇಡವೆನಿಸಿತು. ಮೈಕು ಅಲ್ಲೇ ಬಿಟ್ಟು ಸಾಲಿನೊಳಗೆ ನಡೆದು ಅವಳ ಮುಂದೆ ನಿಂತೆ.

ಅವಳು ತಲೆ ಎತ್ತಿದಳು. ಇಪ್ಪತ್ತು ದಿನದ ಮೇಲೆ ಆ ಅಂಗಳದಲ್ಲಿ ಅವಳ ದನಿ ಕೇಳಿತು.

"ನಾ ಸುಳ್ಳು ಯೋಳ್ನಿಲ್ಲ ಅಲ್ವಾ ಮಿಸ್?"

"ಇಲ್ಲ ಕಣಮ್ಮ" ಎಂದೆ. "ಸುಳ್ಳು ಹೇಳಿದ್ದು ನಾನು."