ಲಾಂಡ್ರಿ ಅಕ್ಕ ತಾನೇ ಎಳೆದುಕೊಂಡ ಗೆರೆ

ಬೀದಿಯವರೆಲ್ಲ ಅವಳನ್ನು ಲಾಂಡ್ರಿ ಅಕ್ಕ ಎನ್ನುತ್ತಾರೆ. ಮೂವತ್ತು ವರ್ಷದಿಂದ ಗಂಡ ಇಸ್ತ್ರಿ ಮೇಜಿನ ಮುಂದೆ, ಅಕ್ಕ ಕಲೆಗಳ ಹಿಂದೆ. ಚಹಾ, ಗ್ರೀಸು, ರಕ್ತ, ಏನೇ ಇರಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿದಳೆಂದರೆ ಆ ಕಲೆಯ ಕಥೆ ಮುಗಿಯಿತು. ಮಾತೂ ಅಷ್ಟೇ ಖಾರ. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಎಂದು ತಿಳಿದಾಗ, ಅಳುಮೋರೆ ಹೊತ್ತು ನೋಡಲು ಬಂದವರನ್ನೇ ಗದರಿಸಿ ಕಳಿಸಿದವಳು. ಎಂಥ ಗಟ್ಟಿಗಿತ್ತಿ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಗಟ್ಟಿಗಿತ್ತಿ ಅನ್ನಿಸಿಕೊಂಡವಳ ಪಾಡು ಯಾರಿಗೂ ಬೇಡ ನೋಡಿ. ಅಳಬೇಕೆಂದರೂ ಅವಳಿಗೆ ಜಾಗವಿರುವುದಿಲ್ಲ.

ಆಪರೇಷನ್ ಆದ ಮೇಲೆ ಇಪ್ಪತ್ತೈದು ದಿನ ರೇಡಿಯೇಷನ್ ಎಂದರು. ಕಿರಣ ದಿನವೂ ಅದೇ ಜಾಗದಲ್ಲಿ ಬೀಳಬೇಕು. ಅದಕ್ಕಾಗಿ ಎದೆಯ ಮೇಲೆ, ಪಕ್ಕೆಯ ಮೇಲೆ ನೇರಳೆ ಬಣ್ಣದ ಗೆರೆಗಳನ್ನು ಎಳೆದರು. "ಸೋಪು ಹಾಕ್ಬೇಡಿ, ಉಜ್ಜಬೇಡಿ, ಅಳಿಸಿಹೋದ್ರೆ ಬಂದು ಹೇಳಿ" ಎಂದು ಯಂತ್ರ ನಡೆಸುವ ಟೆಕ್ನಿಷಿಯನಮ್ಮ ಮೂರು ಸಲ ಹೇಳಿದ್ದಳು. ಹೇಳಿದ್ದು ಯಾರಿಗೆ, ಲಾಂಡ್ರಿ ಅಕ್ಕನಿಗೆ.

ಒಂಬತ್ತು ದಿನ ತಡೆದಳು. ಹತ್ತನೆಯ ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಕನ್ನಡಿಯಲ್ಲಿ ಆ ಗೆರೆ ಕಂಡಿತು. ಒಂದೇ ಒಂದು ದಿನ ಕಾಯಿಲೆಯಿಲ್ಲದ ಮೈ ನೋಡಬೇಕು ಅನ್ನಿಸಿತು. ಸೋಪು ತೆಗೆದುಕೊಂಡಳು. ಪಳಗಿದ ಕೈ, ಎರಡೇ ನಿಮಿಷದಲ್ಲಿ ಎದೆಯ ಗೆರೆ ಮಾಯ. ಚರ್ಮ ಉರಿಯತೊಡಗಿದಾಗ ಎಚ್ಚರಾಯಿತು. ಈಗ ಕಿರಣ ಎಲ್ಲಿ ಬೀಳುತ್ತದೆ? ಬಯ್ದು ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟರೆ? ಆಗ ಅವಳು ಮಾಡಿದ್ದು ಲಾಂಡ್ರಿಯವರು ಮಾತ್ರ ಮಾಡುವಂಥ ಕೆಲಸ. ಯಾರ ಬಟ್ಟೆ ಯಾರದೆಂದು ತಿಳಿಯಲು ಕಾಲರಿನ ಒಳಗೆ ನಂಬರು ಬರೆಯುವ ಪೆನ್ನು ಇರುತ್ತದಲ್ಲ, ಎಷ್ಟು ಒಗೆದರೂ ಹೋಗದ ಇಂಕಿನದು, ಅದನ್ನು ತಂದು ಕನ್ನಡಿ ನೋಡಿಕೊಂಡು, ನೆನಪಿನ ಮೇಲೆ ಗೆರೆ ಎಳೆದುಕೊಂಡಳು. ಗಂಡನೆದುರು ತುಟಿಪಿಟಕ್ಕೆನ್ನಲಿಲ್ಲ.

ದಿನದಂತೆ ಜೊತೆಗೆ ಬಂದ ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಆಸ್ಪತ್ರೆಯ ಮೇಜಿನ ಮೇಲೆ ಮಲಗಿದಳು. ಗೆರೆಗಳಿಗೆ ತಾಳೆ ನೋಡುವ ಹಸಿರು ಬೆಳಕಿನ ಎಳೆಗಳು ಗೋಡೆಗಳಿಂದ ಬಂದು ಮೈಮೇಲೆ ಕೂತವು. ಟೆಕ್ನಿಷಿಯನಮ್ಮ ಮೇಜನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು.

"ಪಕ್ಕೆ ಗೆರೆ ಕೂತ್ರೆ ಎದೆದು ಕೂರ್ತಾ ಇಲ್ವಲ್ಲ" ಎಂದು ಗೊಣಗಿಕೊಂಡಳು.

ಸುಮ್ಮನಿದ್ದರೆ ಕಿರಣ ತಪ್ಪು ಜಾಗಕ್ಕೆ ಬಿದ್ದೀತು.

"ನಾನೇ ಬರ್ಕೊಂಡಿದ್ದು ಮೇಡಂ. ಮೊದಲಿಂದು ಉಜ್ಜಿಬಿಟ್ಟೆ."

"ಯಾಕಮ್ಮ?" ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದು ದಿನ ಚೆನ್ನಾಗಿರೋರ ಥರ ಇರೋಣ ಅನ್ನಿಸ್ತು." ಇಷ್ಟು ಹೇಳುವಷ್ಟರಲ್ಲಿ, ಕಾಯಿಲೆ ಬಂದಾಗಿನಿಂದ ಅಳದವಳು ಅತ್ತುಬಿಟ್ಟಳು.

ಟೆಕ್ನಿಷಿಯನಮ್ಮ ಅವಳ ಕೈ ಹಿಡಿದುಕೊಂಡಳು. ಆಮೇಲೆ ಗೆರೆಯನ್ನು ಬಗ್ಗಿ ನೋಡಿ, "ಈ ಇಂಕು ಹೋಗತ್ತಾ?" ಎಂದಳು.

"ಎಲ್ಲಿ ಹೋಗತ್ತೆ. ಹೋಗೋ ಇಂಕು ಇಟ್ಕೊಂಡ್ರೆ ನಮ್ಮ ಅಂಗಡಿ ನಡೆಯತ್ತಾ?" ಅಕ್ಕ ಅಳುತ್ತಲೇ ಅಂದಳು. ಇಬ್ಬರಿಗೂ ನಗು ಬಂತು.

ಡಾಕ್ಟರು ಬಂದರು, ಕಿರಣದ ಲೆಕ್ಕ ನೋಡುವ ಇನ್ನೊಬ್ಬರು ಬಂದರು. ಯಂತ್ರದಲ್ಲೇ ಹೊಸ ಚಿತ್ರ ತೆಗೆದು ಮೊದಲ ದಿನದ ಚಿತ್ರದ ಜೊತೆ ಹೋಲಿಸಿದರು. "ಇನ್ನೆರಡು ಮಿಲಿಮೀಟರ್" ಎಂದು ಒಬ್ಬರು, "ಇಲ್ಲ, ಒಂದು" ಎಂದು ಇನ್ನೊಬ್ಬರು. ನಲವತ್ತು ನಿಮಿಷ ಹೀಗೇ. ಅಕ್ಕ ಕಣ್ಣಗಲಿಸಿ ನೋಡುತ್ತ ಮಲಗಿದ್ದಳು. ಊರ ಜನರ ಅಂಗಿಗಳ ಮೇಲೆ ತಾನು ಬಗ್ಗಿದ್ದುಂಟು. ತನ್ನ ಒಂದು ಮಿಲಿಮೀಟರಿಗಾಗಿ ಮೂವರು ಓದಿದವರು ಊಟದ ಹೊತ್ತು ಮೀರಿ ಬಗ್ಗಿ ನಿಂತಾರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕೊನೆಗೆ ಹಸಿರು ಎಳೆಗಳು ಕೂದಲಷ್ಟೂ ಆಚೀಚೆ ಆಗದೆ ಕೂಡಿದವು, ಅಕ್ಕನ ಗೆರೆಯ ಪಕ್ಕದಲ್ಲೇ ನೇರಳೆ ಬಣ್ಣದ ಹೊಸ ಗೆರೆ ಬಿತ್ತು.

ಎಲ್ಲರೂ ಹೊರಗೆ ಹೋದರು. ದಪ್ಪ ಬಾಗಿಲು ಮುಚ್ಚಿತು.

"ಶುರು ಮಾಡ್ಲಾ?" ಎಂದಿತು ಸ್ಪೀಕರಿನಲ್ಲಿ ಟೆಕ್ನಿಷಿಯನಮ್ಮನ ದನಿ.

ದಿನವೂ "ಹೂಂ" ಅನ್ನುತ್ತಿದ್ದವಳು ಇಂದು, "ಸ್ವಲ್ಪ ತಡೀರಿ. ನಂಗೆ ತುಂಬ ಭಯ ಆಗ್ತಿದೆ" ಎಂದಳು.

ಯಾರೂ ಅವಸರ ಮಾಡಲಿಲ್ಲ. ಸ್ಪೀಕರಿನಲ್ಲಿ ಏನೋ ಗುಸುಗುಸು, ಯಾರನ್ನೋ ಒಳಗೆ ಕರೆದದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಬಂದದ್ದು ಗಂಡನ ದನಿ. ಜನ್ಮದಲ್ಲಿ ಮೈಕು ಕಂಡವನಲ್ಲ, ಜೋರಾಗಿಯೇ ಹೇಳಿದ.

"ನಂಗೂ ಕಣೇ. ಮೊದಲನೇ ದಿನದಿಂದ. ನೀನು ಗಟ್ಟಿಯಾಗಿದೀಯ ಅಂತ ಬಾಯಿ ಬಿಡಲಿಲ್ಲ."

ಅಕ್ಕ ಅಲುಗಾಡುವಂತಿರಲಿಲ್ಲ, ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ. ನೀರು ಕಿವಿಯ ಕಡೆಗೆ ಇಳಿಯಿತು.

"ಅಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಎಂದಳು. "ಮೇಡಂ, ಈಗ ಶುರು ಮಾಡಿ."