ಬೀಜ ಆರಿಸಿದ ಮಂಡಕ್ಕಿ

ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ. ಬೇರೆ ಊರಿನಲ್ಲಿ ಈ ಮಾತು ಹೇಳಿದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಚಳ್ಳಕೆರೆಯಲ್ಲಿ ಹೇಳಿದರೆ ನಗುತ್ತಾರೆ. ಎಣ್ಣೆ ಮಿಲ್ಲುಗಳ ಊರು ನಮ್ಮದು. ಗಂಡನ ಮನೆಯವರಂತೂ ಬಿ.ಜಿ. ಕೆರೆ ಎಂಬ ಹಳ್ಳಿಯಲ್ಲಿ ಶೇಂಗಾ ಬೆಳೆಯುವವರೇ. ಅಲ್ಲಿ ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಚಟ್ನಿ, ಒಗ್ಗರಣೆಗೆ ಶೇಂಗಾ ಎಣ್ಣೆ. ಮನೆಗೆ ಯಾವ ಮಗು ಬಂದರೂ ಮೊದಲು ಅದರ ಕೈಗೆ ಒಂದು ಹಿಡಿ ಹುರಿದ ಬೀಜ ಬೀಳಬೇಕು.

ಗೊತ್ತಾಗಿದ್ದು ಅವಳಿಗೆ ಒಂದೂವರೆ ವರ್ಷವಿದ್ದಾಗ. ಚಿಕ್ಕಿಯ ಒಂದು ಚೂರು ಬಾಯಿಗಿಟ್ಟುಕೊಂಡಿದ್ದಳು, ಅಷ್ಟೇ. ತುಟಿ ಊದಿತು, ಮೈತುಂಬ ದದ್ದು ಎದ್ದವು. ನಮ್ಮಲ್ಲಿಗೆ ಬಂದಿದ್ದ ಅತ್ತೆ “ಪಿತ್ತದ ಗಂಧೆ ಕಣವ್ವ, ಕಂಬಳಿ ತಗೊಂಡು ಉಜ್ಜಿದ್ರೆ ಹೋಗ್ತೈತೆ” ಎಂದು ಉಜ್ಜಲು ಕೂತೇಬಿಟ್ಟರು. ನಾನು ಮಗುವನ್ನು ಕಿತ್ತುಕೊಂಡು ಆಸ್ಪತ್ರೆಗೆ ಓಡಿದೆ. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಶೇಂಗಾ ಯಾವ ರೂಪದಲ್ಲೂ ಬೇಡ. ಕೊಟ್ಟಿರುವ ಔಷಧಿ ತುರಿಕೆಗೆ ಮಾತ್ರ. ಧ್ವನಿ ಬದಲಾದರೆ, ಉಸಿರು ಹಿಡಿದರೆ ಮನೆಯಲ್ಲಿ ಕಾಯಬೇಡಿ, ಸೀದಾ ಹತ್ತಿರದ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಪ್ರೋಟೀನು, ರೋಗನಿರೋಧಕ ಶಕ್ತಿ ಎಂದು ಬಿಡಿಸಿ ಹೇಳುತ್ತಿದ್ದೆ. ಗಂಡನ ಮನೆಯಲ್ಲಿ ಮಾತ್ರ ಒಂದೇ ಮಾತು, “ಅವಳಿಗೆ ಬೀಜ ಕೊಡಬೇಡಿ.” ಯಾಕೆ ಎಂದು ಯಾರಾದರೂ ಕೇಳಿದರೆ ಸಿಡುಕುತ್ತಿದ್ದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಗಂಡ ಹೇಳುವುದು ಸುಳ್ಳಲ್ಲ. ಇವರಿಗೆಲ್ಲ ಹೇಳಿದರೂ ಅರ್ಥವಾಗುವುದಿಲ್ಲ ಎಂಬ ಜಂಬವೂ ಇತ್ತು, ಒಪ್ಪಿಕೊಳ್ಳುತ್ತೇನೆ.

ನೆಂಟರ ಮನೆಗಳಲ್ಲಿ ಬೇರೆ ತರಹದ ಕಷ್ಟ. “ಇದಕ್ಕೆ ಶೇಂಗಾ ಹಾಕಿದ್ದೀರಾ?” ಎಂದರೆ “ಇಲ್ಲವ್ವ, ಎಲ್ಲಿ ಹಾಕೀವಿ?” ಎನ್ನುತ್ತಿದ್ದರು. ನಾನು ತಿಂದು ನೋಡಿದರೆ ಬದನೆಕಾಯಿ ಪಲ್ಯದ ತುಂಬ ಶೇಂಗಾ ಪುಡಿ! ಅವರು ಸುಳ್ಳು ಹೇಳುತ್ತಿರಲಿಲ್ಲ. ಉಪ್ಪು ಹಾಕಿದ್ದನ್ನು ಯಾರೂ ವಿಶೇಷವಾಗಿ ಹೇಳುವುದಿಲ್ಲವಲ್ಲ, ಹಾಗೆ. ಆಮೇಲೆ ನಾನು ಪ್ರಶ್ನೆ ಬದಲಿಸಿದೆ. ಏನು ಪುಡಿ, ಯಾವ ಎಣ್ಣೆ, ಮಿಕ್ಸಿಯಲ್ಲಿ ಮೊದಲು ಏನು ರುಬ್ಬಿದಿರಿ ಎಂದು ಪೊಲೀಸರ ಹಾಗೆ ಕೇಳತೊಡಗಿದೆ. ಸೊಕ್ಕಿನವಳು ಎಂಬ ಹೆಸರೂ ಬಂತು.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಅವಳನ್ನು ಬಿ.ಜಿ. ಕೆರೆಯಲ್ಲಿ ಅತ್ತೆಯ ಬಳಿ ಬಿಟ್ಟು ನಾನು, ಗಂಡ ಹತ್ತಿರದ ಕೊಂಡ್ಲಹಳ್ಳಿಗೆ ಹೋಗಿದ್ದೆವು. ಮನೆಯಲ್ಲಿ ಒಗ್ಗರಣೆ ಮಂಡಕ್ಕಿ ಮಾಡಿದ್ದರು. ಓಣಿಯ ಮಕ್ಕಳೆಲ್ಲ ಸುತ್ತ ಕೂತು ತಿನ್ನುವಾಗ ಇವಳೊಬ್ಬಳು ಬಿಸ್ಕತ್ತು ಹಿಡಿದುಕೊಂಡು ಅಳುತ್ತಿದ್ದಳಂತೆ. ಅತ್ತೆಗೆ ನೋಡಲಾಗಲಿಲ್ಲ. ಒಂದು ಬಟ್ಟಲು ಮಂಡಕ್ಕಿಯನ್ನು ಮೊರದಲ್ಲಿ ಹರಡಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಬೀಜ ಆರಿಸಿ ತೆಗೆದು, ಮತ್ತೊಮ್ಮೆ ಕೈಯಾಡಿಸಿ ನೋಡಿ, ಅವಳಿಗೆ ಕೊಟ್ಟರು.

ನಾವು ಬಂದಾಗ ಮಗಳು ವಾಂತಿ ಮಾಡುತ್ತಿದ್ದಳು. ಕಣ್ಣು ಊದಿ ಮುಚ್ಚಿತ್ತು, ಅಮ್ಮ ಎಂದ ಧ್ವನಿ ಅವಳದ್ದೇ ಅಲ್ಲ ಅನ್ನುವಷ್ಟು ಗೊಗ್ಗರಾಗಿತ್ತು. ಅವಳನ್ನು ಎತ್ತಿಕೊಂಡು ಮತ್ತೆ ಬೈಕ್ ಹತ್ತಿದೆ. ಗಂಡ ಬೈಕ್ ಇಳಿದೇ ಇರಲಿಲ್ಲ, ಹಾಗೇ ಊರಿನ ಆರೋಗ್ಯ ಕೇಂದ್ರಕ್ಕೆ ತಿರುಗಿಸಿದ. ಅಲ್ಲಿ ತಡಮಾಡದೆ ತೊಡೆಗೆ ಇಂಜೆಕ್ಷನ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಎದೆಯ ಸುಂಯ್‌ಗುಡುವಿಕೆ ಇಳಿಯಿತು, ಅವಳು ನೀರು ಕೇಳಿದಳು. ಆಮೇಲೆ ಆಂಬ್ಯುಲೆನ್ಸಿನಲ್ಲಿ ಚಳ್ಳಕೆರೆಗೆ ಕರೆದೊಯ್ದು ಇಡೀ ರಾತ್ರಿ ಇರಿಸಿಕೊಂಡು ನೋಡಿದರು.

ಬೆಳಗ್ಗೆ ಅತ್ತೆ ಆಸ್ಪತ್ರೆಗೆ ಬಂದರು. ವಾರ್ಡಿನ ಹೊರಗೆ, ಜನರ ಎದುರಿಗೇ, ಬಾಯಿಗೆ ಬಂದದ್ದೆಲ್ಲ ಅಂದೆ.

“ಮಗೂನ ಕೊಲ್ತಿದ್ರಲ್ಲ ಅತ್ತೆ! ಎಷ್ಟು ಸಲ ಹೇಳೀನಿ ನಿಮಗೆ?”

ಅವರು ತಿರುಗಿ ಬೈಯಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು. ಅದರಲ್ಲಿ ಅರಿಸಿನ ಹತ್ತಿದ ಶೇಂಗಾ ಬೀಜಗಳಿದ್ದವು.

“ನೀನು ಬೀಜ ಕೊಡಬ್ಯಾಡ ಅಂದಿದ್ದೆ. ಒಂದೂ ಬಿಡ್ದಂಗೆ ಆರಿಸೀನಿ ಕಣವ್ವ. ಮಗು ಎಲ್ಲಿ ತಗಂಡು ತಿಂತೈತೋ ಅಂತ ಸೆರಗ್ನಾಗೆ ಕಟ್ಕಂಡೆ. ನೋಡು, ಎಲ್ಲಾ ಇಲ್ಲೇ ಐತೆ.”

ನಾನು ಹೇಳಿದ್ದು ಅಷ್ಟೇ ಆಗಿತ್ತು. ಹೇಳಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಬೆಂಚಿನ ಮೇಲೆ ಅವರ ಪಕ್ಕ ಕೂತು ಮೊದಲ ಸಲ ಸಮಾಧಾನವಾಗಿ ಮಾತಾಡಿದೆ.

“ಅತ್ತೆ, ಒಣಮೆಣಸಿನಕಾಯಿ ಕುಟ್ಟಿ ಕೈ ತೊಳ್ಕಂಡು, ಆಮೇಲೆ ಕಣ್ಣು ಮುಟ್ಟಿದ್ರೆ?”

“ಉರೀತೈತೆ.”

“ಕೈಯಾಗೆ ಕಾರ ಕಾಣ್ತೈತಾ?”

“ಇಲ್ಲ.”

“ಶೇಂಗಾನೂ ಹಂಗೇ. ಬೀಜ ತೆಗೆದ್ರೂ ಅದರ ಅಂಶ ಮಂಡಕ್ಕಿಯಾಗೆ ಉಳೀತೈತೆ. ನಮಗೇನೂ ಆಗಲ್ಲ, ಇವಳಿಗೆ ಉಸಿರು ಕಟ್ತೈತೆ.”

ಅತ್ತೆ “ಇದನ್ನ ಅವತ್ತೇ ಹೇಳಬಾರ್ದಾಗಿತ್ತೇನವ್ವ?” ಎಂದರು. ನಾಚಿಕೆಯಾಯಿತು.

ಅಲ್ಲಿಂದಾಚೆಗೆ ಅವರು ನನ್ನನ್ನೂ ಮೀರಿಸಿದರು. ಮೊಮ್ಮಗಳಿಗೆ ಬೇರೆ ಬಾಣಲೆ, ಬೇರೆ ಸೌಟು, ಸೂರ್ಯಕಾಂತಿ ಎಣ್ಣೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಮುಂದೆ ನಿಂತು ಮೆಣಸಿನಕಾಯಿಯ ಉದಾಹರಣೆ ಕೊಟ್ಟೇ ಅಲರ್ಜಿಯ ಪಾಠ. ಅದನ್ನು ಕೇಳಿಸಿಕೊಂಡವರು ಯಾರೂ ಅವರನ್ನು ಸೊಕ್ಕಿನವರು ಅನ್ನಲಿಲ್ಲ. ಶೇಂಗಾ ಕೀಳುವ ಕಾಲದಲ್ಲಿ ಹೊಲದಿಂದ ಬಂದರೆ ತಲೆಗೆ ನೀರು ಹಾಕಿಕೊಂಡು ಸೀರೆ ಬದಲಿಸುವ ತನಕ ಅವಳನ್ನು ಮುಟ್ಟುತ್ತಿರಲಿಲ್ಲ. ಆದರೂ ಒಂದು ರಾತ್ರಿ ಕೂಡ ಮಗಳನ್ನು ಅಲ್ಲಿ ಒಬ್ಬಳನ್ನೇ ಬಿಡಲು ನನಗೆ ಧೈರ್ಯ ಬರಲಿಲ್ಲ. ಅತ್ತೆಯೂ ಬಿಟ್ಟುಹೋಗು ಎಂದು ಕೇಳಲಿಲ್ಲ.

ಕೇಳಿದವಳು ಮಗಳು. ಆರು ವರ್ಷವಾಗಿತ್ತು, ದಸರಾ ರಜೆ. ಅಜ್ಜಿಯ ಮನೆಯಲ್ಲಿ ಒಂದು ವಾರ ಇರುತ್ತೇನೆಂದು ಹಟ ಹಿಡಿದಳು. ಬಿಟ್ಟು ಬಂದೆ. ದಿನಕ್ಕೆ ಐದಾರು ಸಲ ಫೋನ್ ಮಾಡಿದೆ. ಮೂರನೇ ದಿನ ತಡೆಯಲಾಗದೆ, ಹೇಳದೆ ಕೇಳದೆ, ಬೆಳಗಿನ ಬಸ್ಸು ಹತ್ತಿ ಹೋದೆ. ಪರೀಕ್ಷೆ ಮಾಡಲೆಂದೇ ಹೋದದ್ದು, ಮುಚ್ಚಿಡುವುದೇನು? ಅಡುಗೆಮನೆ ನೋಡಿಯೇಬಿಡುತ್ತೇನೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

ಅಂಗಳದಲ್ಲಿದ್ದ ಮಗಳು ನನ್ನನ್ನು ಕಂಡು ಕೈ ಚಾಚಿಕೊಂಡು ಓಡಿಬಂದಳು. ಬಾಗಿಲಲ್ಲಿದ್ದ ಅತ್ತೆ ಆ ವಯಸ್ಸಿಗೆ ಹೇಗೆ ಎದ್ದರೋ, ನಮ್ಮಿಬ್ಬರ ನಡುವೆ ಬಂದು ಅವಳನ್ನು ತಡೆದರು.

“ತಾಳು. ಬರ್ತಾ ಏನು ತಿಂದು ಬಂದೆ ನೀನು?”

“ಬಸ್‌ಸ್ಟ್ಯಾಂಡ್ ಹತ್ರ ಇಡ್ಲಿ ತಿಂದೆ ಅತ್ತೆ.”

“ಚಟ್ನಿ?”

ಕಾಯಿ ಚಟ್ನಿ ಎನ್ನಲು ಹೋಗಿ ನಿಲ್ಲಿಸಿದೆ. ನಮ್ಮೂರ ಹೋಟೆಲಿನಲ್ಲಿ ಶೇಂಗಾ ಬೆರೆಸದೆ ಯಾರು ಚಟ್ನಿ ರುಬ್ಬುತ್ತಾರೆ? ಊರಿನವರನ್ನೆಲ್ಲ ಕೇಳಿದವಳು ಅವತ್ತು ಕೇಳಿರಲಿಲ್ಲ. ಹಾಕಿಸಿಕೊಂಡು, ಎರಡನೇ ಸಲವೂ ಹಾಕಿಸಿಕೊಂಡು, ಬೆರಳು ನೆಕ್ಕಿ ಬಸ್ಸು ಹತ್ತಿದ್ದೆ.

“ಹೋಗು, ಸೋಪು ಹಚ್ಚಿ ಕೈ ಮುಖ ತೊಳ್ಕ, ಹಲ್ಲು ಉಜ್ಕ. ಸಂಜೀತನಕ ಮುತ್ತು ಗಿತ್ತು ಕೊಡಬ್ಯಾಡ ಅದಕ್ಕೆ” ಎಂದರು ಅತ್ತೆ. ಮಗಳು ಅಜ್ಜಿಯ ಹಿಂದೆ ನಿಂತು, “ಹೋಗಮ್ಮ, ನಾನು ಇಲ್ಲೇ ಇರ್ತೀನಿ” ಎಂದಳು.

ಬಚ್ಚಲಿನಲ್ಲಿ ಸೋಪು ಉಜ್ಜುತ್ತಾ ಅತ್ತುಬಿಟ್ಟೆ. ಅವಮಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನನ್ನೊಬ್ಬಳ ತಲೆಯ ಮೇಲೇ ಇದೆ ಎಂದುಕೊಂಡಿದ್ದ ಭಾರ ಇಳಿದಿತ್ತು. ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಸಂಜೆ ಮಗಳನ್ನು ಅಲ್ಲೇ ಬಿಟ್ಟು ಒಬ್ಬಳೇ ಚಳ್ಳಕೆರೆಯ ಬಸ್ಸು ಹತ್ತಿದೆ.